ಬಸುರಿ ಟೀಚರ್‌ಗೆ ಬೇಕಾದ ಟೈಮ್‌ಟೇಬಲ್

ಶಾಲೆಯಲ್ಲಿ ಪಾಠ ಮಾಡುವ ಹೆಣ್ಣುಮಗಳು ಬಸುರಿಯಾದ ಸುದ್ದಿ ತಿಳಿದ ಕೂಡಲೇ ಮನೆಯವರು, ಸ್ಟಾಫ್‌ರೂಮಿನವರು ಎಲ್ಲರೂ ಕೇಳುವುದು ಒಂದೇ: "ರಜೆ ಯಾವಾಗಿಂದ?" ರಜೆಯ ಮಾತು ಮುಖ್ಯವೇ, ಮುಂದೆ ವಿವರವಾಗಿ ನೋಡೋಣ. ಆದರೆ ರಜೆ ಶುರುವಾಗುವುದು ಎಂಟನೆಯ ತಿಂಗಳ ಹೊತ್ತಿಗೆ. ಅಲ್ಲಿಯವರೆಗೆ ಆಕೆ ದಿನಕ್ಕೆ ಆರು ಪೀರಿಯಡ್ ನಿಲ್ಲಬೇಕು, ಮೂರು ನಾಲ್ಕು ಮಹಡಿ ಹತ್ತಿಳಿಯಬೇಕು, ಮಕ್ಕಳ ಕೆಮ್ಮು ನೆಗಡಿಗಳ ನಡುವೆ ಉಸಿರಾಡಬೇಕು. ಮುಂಬಯಿಯ ಬೊರಿವಲಿಯಲ್ಲಿ ಮನೆ ಮಾಡಿಕೊಂಡವರಿಗೆ ಲೋಕಲ್ ಟ್ರೈನಿನ ನೂಕುನುಗ್ಗಲು ಬೇರೆ. ಈ ಏಳು ತಿಂಗಳು ಹೇಗೆ ಕಳೆಯುತ್ತವೆ ಎಂಬುದು ಬಹುಪಾಲು ಶಾಲೆಯ ಟೈಮ್‌ಟೇಬಲ್ ಮೇಲೆ ನಿಂತಿದೆ. ಅದನ್ನು ಬದಲಿಸಿಕೊಡಿ ಎಂದು ಬಾಯಿಬಿಟ್ಟು, ಬರವಣಿಗೆಯಲ್ಲಿ ಕೇಳಲು ನಮ್ಮ ಶಿಕ್ಷಕಿಯರು ಹಿಂಜರಿಯುತ್ತಾರೆ. ಯೂನಿಟ್ ಟೆಸ್ಟ್ ಮುಗಿಯಲಿ, ಗ್ಯಾದರಿಂಗ್ ಮುಗಿಯಲಿ, ಇನ್‌ಸ್ಪೆಕ್ಷನ್ ಆಗಲಿ ಎನ್ನುತ್ತಲೇ ಆರನೆಯ ತಿಂಗಳು ಬಂದಿರುತ್ತದೆ.

ಮುಂಬಯಿ ಮಹಾನಗರಪಾಲಿಕೆ ಎಂಟು ಭಾಷೆಗಳಲ್ಲಿ ಶಾಲೆ ನಡೆಸುತ್ತದೆ, ಅದರಲ್ಲಿ ಕನ್ನಡವೂ ಒಂದು. ವಡಾಲದ ಎನ್‌ಕೆಇಎಸ್‌ನಂಥ ಕನ್ನಡಿಗರ ಶಿಕ್ಷಣ ಸಂಸ್ಥೆಗಳಿವೆ. ಬೊರಿವಲಿ, ದಹಿಸರ್, ಕಾಂದಿವಲಿಯ ಇಂಗ್ಲಿಷ್ ಮಾಧ್ಯಮ ಶಾಲೆಗಳಲ್ಲೂ ನಮ್ಮ ಶೆಟ್ಟಿ, ಪೂಜಾರಿ, ರಾವ್, ಪಾಟೀಲ ಟೀಚರ್‌ಗಳು ಸಿಗುತ್ತಾರೆ. ಕೆಲಸದ ಷರತ್ತು ಒಬ್ಬೊಬ್ಬರದು ಒಂದೊಂದು ಥರ. ಮೈಯ ಕಷ್ಟ ಮಾತ್ರ ಎಲ್ಲರಿಗೂ ಒಂದೇ.

ಮೂರು ತಿಂಗಳ ಗುಟ್ಟು

ಮೂರು ತಿಂಗಳು ತುಂಬುವವರೆಗೆ ಯಾರಿಗೂ ಹೇಳಬಾರದು ಎಂಬುದು ನಮ್ಮ ಕಡೆಯ ರೂಢಿ. ಊರಿಗೆಲ್ಲ ಹೇಳದಿರಿ, ಸರಿ. ಆದರೆ ಶಾಲೆಯಲ್ಲಿ ಒಬ್ಬರಿಗಾದರೂ, ಸಾಧ್ಯವಾದರೆ ಮುಖ್ಯೋಪಾಧ್ಯಾಯಿನಿಗೆ, ಮೊದಲ ತಿಂಗಳುಗಳಲ್ಲೇ ಹೇಳಿಡಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ವಾಂತಿ, ತಲೆಸುತ್ತು ಹೆಚ್ಚು ಕಾಡುವುದು ಈ ಮೂರು ತಿಂಗಳಲ್ಲೇ. ಮಕ್ಕಳಿಂದ ಅಂಟುವ ಕೆಲವು ಸೋಂಕುಗಳು ಭ್ರೂಣಕ್ಕೆ ಅತಿ ಹೆಚ್ಚು ಹಾನಿ ಮಾಡುವುದೂ ಈಗಲೇ. ನಿಮ್ಮ ತರಗತಿಯಲ್ಲೊಂದು ಮಗುವಿಗೆ ಮೈಮೇಲೆ ಗುಳ್ಳೆ ಎದ್ದಿದೆ ಎಂದರೆ ನಿಮಗೆ ತಕ್ಷಣ ತಿಳಿಸುವವರೊಬ್ಬರು ಇರಲೇಬೇಕು.

ಗರ್ಭ ನಿಲ್ಲದೇ ಹೋದ ಸಂದರ್ಭಕ್ಕೂ ಈ ಮಾತು ಅನ್ವಯಿಸುತ್ತದೆ. ಗುಟ್ಟಾಗಿಟ್ಟ ಕಾರಣಕ್ಕೇ ಎರಡು ದಿನ "ಜ್ವರ" ಎಂದು ರಜೆ ಹಾಕಿ, ಮೂರನೆಯ ದಿನ ಮತ್ತೆ ಬೋರ್ಡಿನ ಮುಂದೆ ನಿಲ್ಲುವವರಿದ್ದಾರೆ. ಗರ್ಭಪಾತವಾದ ದಿನದಿಂದ ಮುಂದಕ್ಕೆ 6 ವಾರಗಳ ಸಂಬಳಸಹಿತ ರಜೆ ಕಾನೂನು ಕೊಟ್ಟ ಹಕ್ಕು. ವೈದ್ಯರ ಪ್ರಮಾಣಪತ್ರ ಸಾಕು. ಇದು ಎಷ್ಟೋ ಶಿಕ್ಷಕಿಯರಿಗೆ ಗೊತ್ತಿಲ್ಲ, ಗೊತ್ತಿರುವ ಆಡಳಿತ ಮಂಡಳಿಗಳು ತಾವಾಗಿ ಹೇಳುವುದೂ ಅಪರೂಪ.

ಬೆಳಗಿನ ಪಾಳಿಯವರಿಗೆ ವಾಂತಿಯ ಕಾಟ ಜಾಸ್ತಿ. ಏಳು ಗಂಟೆಯ ಶಾಲೆಗೆ ಐದಕ್ಕೆ ಎದ್ದು, ಚಹಾ ಮಾತ್ರ ಕುಡಿದು ಓಡಿದರೆ ಎರಡನೇ ಪೀರಿಯಡ್‌ಗೆ ಹೊಟ್ಟೆ ತೊಳೆಸದೆ ಇರದು. ಏಳುವ ಮೊದಲೇ ಹಾಸಿಗೆಯ ಪಕ್ಕ ಇಟ್ಟ ಅರಳು, ಒಣ ಟೋಸ್ಟ್, ಬಿಸ್ಕತ್ತು ತಿನ್ನಿ. ಗಂಜಿ ಸೇರುವವರು ಫ್ಲಾಸ್ಕಿನಲ್ಲಿ ಉಪ್ಪು ಹಾಕಿದ ಕುಚ್ಚಲಕ್ಕಿ ಗಂಜಿ ಒಯ್ದರೆ ಹೊಟ್ಟೆಗೂ ಹಿತ, ನೀರೂ ಸೇರಿದ ಹಾಗೆ. ಎರಡು ಗಂಟೆಗೊಮ್ಮೆ ಒಂದಿಷ್ಟಾದರೂ ಹೊಟ್ಟೆಗೆ ಬೀಳಬೇಕು. ಮಕ್ಕಳ ಎದುರು ಹೇಗೆ ತಿನ್ನಲಿ ಎಂಬ ಸಂಕೋಚ ಬೇಡ. ಕುಡಿದ ನೀರೂ ನಿಲ್ಲದಷ್ಟು ವಾಂತಿ, ಮೂತ್ರ ಕಡಿಮೆಯಾಗಿ ಗಾಢ ಬಣ್ಣ ಕಂಡರೆ ಕಾಯದೆ ಆಸ್ಪತ್ರೆಗೆ ಹೋಗಿ. ಡ್ರಿಪ್ ಹಾಕಬೇಕಾಗಬಹುದು.

ಮೆಟ್ಟಿಲು, ಕುರ್ಚಿ, ಶೌಚಾಲಯ

ಮುಂಬಯಿಯ ಶಾಲೆಗಳಿಗೆ ಜಾಗವಿಲ್ಲ, ಹಾಗಾಗಿ ಮೇಲಕ್ಕೆ ಬೆಳೆದಿವೆ. ಸ್ಟಾಫ್‌ರೂಮು ಮೊದಲ ಮಹಡಿಯಲ್ಲಿ, ಎಂಟನೇ ಇಯತ್ತೆ ನಾಲ್ಕರಲ್ಲಿ, ಸಿಬ್ಬಂದಿಯ ಶೌಚಾಲಯ ಕೆಳಗೆ. ಟೈಮ್‌ಟೇಬಲ್ ಹಾಳೆಯನ್ನು ಮುಂದಿಟ್ಟುಕೊಂಡು ಒಂದು ದಿನದಲ್ಲಿ ಎಷ್ಟು ಸಲ ಹತ್ತಿಳಿಯುತ್ತೀರಿ ಎಂದು ಪೆನ್ಸಿಲಿನಲ್ಲಿ ಗುರುತು ಹಾಕಿ ನೋಡಿ. ಆ ಹಾಳೆಯನ್ನೇ ಮುಖ್ಯೋಪಾಧ್ಯಾಯಿನಿಯ ಮೇಜಿನ ಮೇಲಿಡಿ. "ಕಷ್ಟವಾಗುತ್ತಿದೆ ಮೇಡಂ" ಎಂದರೆ ಸಿಗುವುದು ಅನುಕಂಪ, ಹಾಳೆ ತೋರಿಸಿದರೆ ಸಿಗುವುದು ಬದಲಾವಣೆ.

ಇನ್ನೊಂದು ಅಪಾಯ ವಿರಾಮದ ಗಂಟೆಯದು. ಗಂಟೆ ಹೊಡೆದ ಮರುಕ್ಷಣ ಮೇಲಿನ ಮಹಡಿಗಳ ಮಕ್ಕಳೆಲ್ಲ ಒಟ್ಟಿಗೆ ಇಳಿಯುತ್ತವೆ. ಹಿಂದಿನವನು ಮುಂದಿನವನ ಬ್ಯಾಗು ಎಳೆಯುತ್ತಾನೆ, ಇಬ್ಬರು ಎರಡೆರಡು ಮೆಟ್ಟಿಲು ಹಾರುತ್ತಾರೆ, ಯಾರದೋ ವಾಟರ್‌ಬಾಟಲಿ ಉರುಳಿ ನೀರು ಚೆಲ್ಲುತ್ತದೆ. ಬಸುರಿ ಟೀಚರ್ ಆ ಮೂರು ನಿಮಿಷ ತರಗತಿಯಲ್ಲೇ ಕುಳಿತು, ಮೆಟ್ಟಿಲು ಖಾಲಿಯಾದ ಮೇಲೆ ಕಂಬಿ ಹಿಡಿದು ಇಳಿಯಬೇಕು. ಮುಂದಿನ ತರಗತಿಗೆ ಮೂರು ನಿಮಿಷ ತಡವಾಗಲಿ.

ನಿಂತೇ ಪಾಠ ಮಾಡಬೇಕು ಎಂಬ ಅಲಿಖಿತ ನಿಯಮ ಅನೇಕ ಖಾಸಗಿ ಶಾಲೆಗಳಲ್ಲಿದೆ. ಇದು ಬಸುರಿಯ ಮಟ್ಟಿಗೆ ಶುದ್ಧ ಅನ್ಯಾಯ. ಗಂಟೆಗಟ್ಟಲೆ ನಿಂತರೆ ಕಾಲಿನ ರಕ್ತನಾಳ ಉಬ್ಬುತ್ತವೆ, ಪಾದ ಊದುತ್ತದೆ, ಸೊಂಟ ನೋಯುತ್ತದೆ. ಕಾನೂನು ಇಲ್ಲಿ ಶಿಕ್ಷಕಿಯ ಪರ ಸ್ಪಷ್ಟವಾಗಿ ನಿಂತಿದೆ. ಹೆರಿಗೆಯ ನಿರೀಕ್ಷಿತ ದಿನಕ್ಕೆ ಮುಂಚಿನ 6 ವಾರ, ಅದಕ್ಕೂ ಮುಂಚಿನ ಒಂದು ತಿಂಗಳು, ಅಂದರೆ ಸುಮಾರು 30ನೇ ವಾರದಿಂದ, ಶ್ರಮದ ಕೆಲಸವನ್ನಾಗಲಿ ದೀರ್ಘಕಾಲ ನಿಂತು ಮಾಡುವ ಕೆಲಸವನ್ನಾಗಲಿ ಆಕೆಯಿಂದ ಮಾಡಿಸುವಂತಿಲ್ಲ. ಆದರೆ ಒಂದು ಷರತ್ತಿದೆ, ಆಕೆ ಕೇಳಿಕೊಂಡಿರಬೇಕು. ಕೇಳದಿದ್ದರೆ ಈ ರಕ್ಷಣೆ ಪುಸ್ತಕದಲ್ಲೇ ಉಳಿಯುತ್ತದೆ.

ಅರ್ಜಿ ದೊಡ್ಡದಿರಬೇಕಿಲ್ಲ. ಇಷ್ಟಿದ್ದರೆ ಸಾಕು: "ನಾನು ಇಷ್ಟು ವಾರಗಳ ಗರ್ಭಿಣಿ. ವೈದ್ಯರು ಹೇಳಿದ ಹೆರಿಗೆಯ ದಿನಾಂಕ ಇಂಥದ್ದು, ಪತ್ರ ಲಗತ್ತಿಸಿದ್ದೇನೆ. ನನ್ನ ತರಗತಿಗಳನ್ನು ಕೆಳಗಿನ ಮಹಡಿಗಳಲ್ಲಿ ಹಾಕಿಕೊಡಬೇಕು, ಸತತ ಎರಡಕ್ಕಿಂತ ಹೆಚ್ಚು ಪೀರಿಯಡ್ ಬಾರದಂತೆ ನೋಡಬೇಕು, ತರಗತಿಯಲ್ಲಿ ಕುರ್ಚಿ ಇರಬೇಕು. ಮೈದಾನ, ಬಸ್ ಮತ್ತು ಅಸೆಂಬ್ಲಿ ಡ್ಯೂಟಿಯಿಂದ ಬಿಡುಗಡೆ ಬೇಕು. ಬದಲಿಗೆ ಲೈಬ್ರರಿ ಪೀರಿಯಡ್, ಪ್ರಶ್ನೆಪತ್ರಿಕೆ ತಯಾರಿ, ದಾಖಲೆ ಕೆಲಸ ಮಾಡಿಕೊಡುತ್ತೇನೆ." ಕೊನೆಯ ವಾಕ್ಯ ಮುಖ್ಯ. ಸಹೋದ್ಯೋಗಿಗಳ ಮೇಲೆ ಹೊರೆ ಹಾಕಿದಂತಾಗುವುದಿಲ್ಲ, ಮುಖ್ಯಸ್ಥರಿಗೂ ಒಪ್ಪಿಕೊಳ್ಳುವುದು ಸುಲಭ. ಎರಡು ಪ್ರತಿ ಮಾಡಿ, ಒಂದರ ಮೇಲೆ ಕಚೇರಿಯ ಮುದ್ರೆ, ಸಹಿ, ದಿನಾಂಕ ಹಾಕಿಸಿಕೊಂಡು ಮನೆಯಲ್ಲಿಡಿ. ಇಮೇಲ್ ಆದರೂ ಸರಿಯೇ. ಚುನಾವಣೆ ಅಥವಾ ಜನಗಣತಿಯ ಡ್ಯೂಟಿ ಬಂದರೂ ಇದೇ ಕ್ರಮ: ವೈದ್ಯರ ಪತ್ರ ಲಗತ್ತಿಸಿ, ಆದೇಶ ಕೈಸೇರಿದ ದಿನವೇ ವಿನಾಯಿತಿ ಕೇಳಿ.

ಶೌಚಾಲಯದ ಮಾತನ್ನು ಯಾರೂ ಆಡುವುದಿಲ್ಲ, ನಾನು ಆಡುತ್ತೇನೆ. ಶಿಕ್ಷಕಿಯರು ಶಾಲೆಯಲ್ಲಿ ನೀರು ಕುಡಿಯುವುದಿಲ್ಲ. ಕುಡಿದರೆ ಹೋಗಬೇಕು, ಹೋದರೆ ತರಗತಿ ಗಲಾಟೆ. ಏಳರಿಂದ ಹನ್ನೆರಡೂವರೆಯವರೆಗೆ ತಡೆದುಕೊಳ್ಳುವುದೇ ಅಭ್ಯಾಸವಾಗಿರುತ್ತದೆ. ಬಸುರಿನಲ್ಲಿ ಈ ಅಭ್ಯಾಸ ಅಪಾಯಕ್ಕೆ ಒಯ್ಯುತ್ತದೆ. ಗರ್ಭಿಣಿಗೆ ಮೂತ್ರದ ಸೋಂಕು ಬೇಗ ತಗಲುತ್ತದೆ. ಚಿಕಿತ್ಸೆ ಮಾಡದಿದ್ದರೆ ಮೂತ್ರಪಿಂಡಕ್ಕೆ ಏರಬಹುದು, ಅವಧಿಗೆ ಮೊದಲೇ ಹೆರಿಗೆಯಾಗುವ ಸಂಭವವೂ ಹೆಚ್ಚುತ್ತದೆ. ಪಕ್ಕದ ತರಗತಿಯ ಟೀಚರ್ ಜೊತೆ ಮಾತಾಡಿಕೊಂಡು, ಎರಡು ಪೀರಿಯಡ್‌ಗೊಮ್ಮೆ ಐದು ನಿಮಿಷ ಅವರು ಎರಡೂ ತರಗತಿ ನೋಡಿಕೊಳ್ಳುವ ಏರ್ಪಾಡು ಮಾಡಿಕೊಳ್ಳಿ. ಉರಿ, ಚಳಿಜ್ವರ, ಪಕ್ಕೆನೋವು ಬಂದರೆ ಅದೇ ದಿನ ಮೂತ್ರ ಪರೀಕ್ಷೆ ಮಾಡಿಸಿ.

ರಕ್ತಹೀನತೆ ನಮ್ಮಲ್ಲಿ ಮನೆಮನೆಯ ಸಂಗತಿ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಗರ್ಭಿಣಿಯರಲ್ಲಿ ಶೇಕಡಾ 52.2 ಮಂದಿಗೆ ಅದಿದೆ. ಹಿಮೋಗ್ಲೋಬಿನ್ 11ಕ್ಕಿಂತ ಕೆಳಗಿದ್ದರೆ ಮೆಟ್ಟಿಲು ಹತ್ತುವಾಗಿನ ಏದುಸಿರು ಬಸುರಿನ ಸಹಜ ದಣಿವು ಎಂದು ತಳ್ಳಿಹಾಕಬೇಡಿ. ನಾಲ್ಕನೇ ತಿಂಗಳಿನಿಂದ ದಿನಕ್ಕೊಂದರಂತೆ 180 ದಿನ ಕಬ್ಬಿಣದ ಮಾತ್ರೆ ತೆಗೆದುಕೊಳ್ಳಬೇಕು, ಸರ್ಕಾರಿ ಕೇಂದ್ರಗಳಲ್ಲಿ ಉಚಿತ. ಸ್ಟಾಫ್‌ರೂಮಿನ ಚಹಾದ ಜೊತೆ ಅದನ್ನು ನುಂಗಿದರೆ ಅರ್ಧ ವ್ಯರ್ಥ. ಚಹಾದಿಂದ ಒಂದು ಗಂಟೆಯಾದರೂ ದೂರವಿಡಿ, ಕ್ಯಾಲ್ಸಿಯಂ ಮಾತ್ರೆಯೂ ಬೇರೆ ಹೊತ್ತಿಗೆ. ಲಿಂಬೆ ಹಿಂಡಿದ ಕಡಲೆ ಉಸಲಿ ಡಬ್ಬಿಯಲ್ಲಿದ್ದರೆ ಮಾತ್ರೆ ಚೆನ್ನಾಗಿ ಹತ್ತುತ್ತದೆ.

ಮುಖ, ಕೈ ಇದ್ದಕ್ಕಿದ್ದಂತೆ ಊದುವುದು, ಬಿಡದ ತಲೆನೋವು, ಕಣ್ಣು ಮಂಜಾಗುವುದು, ಎದೆಗುಂಡಿಯ ಕೆಳಗೆ ನೋವು: ಇವು 20ನೇ ವಾರದ ನಂತರ ಕಂಡರೆ ರಕ್ತದೊತ್ತಡ ಏರಿದ ಲಕ್ಷಣ. 140/90 ಅಥವಾ ಮೇಲಿದ್ದರೆ ಪೀರಿಯಡ್ ಮುಗಿಯಲಿ ಎಂದು ಕಾಯುವ ಮಾತೇ ಇಲ್ಲ. ರಕ್ತಸ್ರಾವ, ನೀರು ಹೋಗುವುದು, ಮಗುವಿನ ಚಲನೆ ಕಡಿಮೆಯಾಗುವುದೂ ಹಾಗೆಯೇ. ಮಹಾರಾಷ್ಟ್ರದಲ್ಲಿ ಆಂಬುಲೆನ್ಸ್‌ಗೆ 108.

ಮಕ್ಕಳಿಂದ ಬರುವ ರೋಗಗಳು

ಶಿಕ್ಷಕಿಗೂ ಬ್ಯಾಂಕಿನ ಗುಮಾಸ್ತೆಗೂ ಇರುವ ದೊಡ್ಡ ವ್ಯತ್ಯಾಸ ಇದು. ರುಬೆಲ್ಲಾ ಮಕ್ಕಳಿಗೆ ಸಣ್ಣ ಜ್ವರ, ಗರ್ಭದ ಮೊದಲ ಮೂರು ತಿಂಗಳಲ್ಲಿ ತಾಯಿಗೆ ಬಂದರೆ ಕೂಸಿನ ಕಣ್ಣು, ಕಿವಿ, ಹೃದಯಕ್ಕೆ ಕುತ್ತು. ಸರ್ಕಾರ ದಡಾರ-ರುಬೆಲ್ಲಾ ಲಸಿಕಾ ಅಭಿಯಾನ ಆರಂಭಿಸಿದ್ದು 2017ರಲ್ಲಿ, ಅದೂ ಕರ್ನಾಟಕ ಸೇರಿ ಕೆಲವೇ ರಾಜ್ಯಗಳಲ್ಲಿ. ಇಂದಿನ ಹೆಚ್ಚಿನ ಶಿಕ್ಷಕಿಯರು ಆ ಹೊತ್ತಿಗೆ ಶಾಲೆಯ ವಯಸ್ಸು ದಾಟಿದ್ದರು. ಮಗು ಬೇಕು ಎಂದು ಯೋಚಿಸುವಾಗಲೇ ರಕ್ತಪರೀಕ್ಷೆ ಮಾಡಿಸಿ, ಅಗತ್ಯವಿದ್ದರೆ ರುಬೆಲ್ಲಾ, ಚಿಕನ್‌ಪಾಕ್ಸ್ ಲಸಿಕೆ ಹಾಕಿಸಿಕೊಂಡು, ಕನಿಷ್ಠ ಒಂದು ತಿಂಗಳು ಕಳೆದ ಮೇಲೆ ಗರ್ಭ ಧರಿಸುವುದು ಸರಿಯಾದ ಕ್ರಮ. ಬಸುರಿಯಾದ ಮೇಲೆ ಈ ಎರಡು ಲಸಿಕೆ ಹಾಕುವಂತಿಲ್ಲ. ಫ್ಲೂ ಲಸಿಕೆಯನ್ನು ಯಾವ ತಿಂಗಳಲ್ಲಾದರೂ ಹಾಕಿಸಿಕೊಳ್ಳಬಹುದು.

ಚಿಕನ್‌ಪಾಕ್ಸ್, ನಮ್ಮವರು ಅಮ್ಮ ಎಂದು ಕರೆಯುವ ಗುಳ್ಳೆರೋಗ, ಗುಳ್ಳೆ ಏಳುವ ಒಂದೆರಡು ದಿನ ಮುಂಚೆಯೇ ಹರಡಲು ಶುರುವಾಗುತ್ತದೆ. ನಿಮಗೆ ಬಾಲ್ಯದಲ್ಲಿ ಬಂದಿತ್ತೇ ಎಂದು ಊರಿಗೆ ಫೋನ್ ಮಾಡಿ ಅಮ್ಮನನ್ನೇ ಕೇಳಿ. ಬಂದಿಲ್ಲ, ತರಗತಿಯಲ್ಲಿ ಒಂದು ಮಗುವಿಗೆ ಬಂದಿದೆ ಎಂದಾದರೆ ಅದೇ ದಿನ ವೈದ್ಯರಿಗೆ ತಿಳಿಸಿ. ಸೋಂಕಿನ ಸಂಪರ್ಕವಾದ 10 ದಿನದೊಳಗೆ ಕೊಡುವ ರಕ್ಷಣಾ ಚುಚ್ಚುಮದ್ದು ಇದೆ. ಕೆನ್ನೆ ಕೆಂಪಾಗುವ ಪಾರ್ವೊವೈರಸ್ 20 ವಾರಕ್ಕೆ ಮೊದಲು ತಗಲಿದರೆ ವೈದ್ಯರು ಸ್ಕ್ಯಾನ್ ಮಾಡಿ ಗಮನಿಸುತ್ತಾರೆ. ಬಾಲವಾಡಿಯ ಟೀಚರ್‌ಗಳು ಮಕ್ಕಳ ಸಿಂಬಳ, ಜೊಲ್ಲು, ಡೈಪರ್ ಮುಟ್ಟಿದ ಮೇಲೆ ಸೋಪಿನಿಂದ ಕೈ ತೊಳೆಯಲೇಬೇಕು, ಮಗು ಕಚ್ಚಿದ ತಿಂಡಿ ತಿನ್ನಬಾರದು. ಸೈಟೊಮೆಗಾಲೊ ಎಂಬ ವೈರಸ್ ಹರಡುವ ದಾರಿ ಇದೇ.

ಮಳೆಗಾಲದಲ್ಲಿ ಡೆಂಗಿ, ಮಲೇರಿಯಾ. ತರಗತಿಯ ಕಿಟಕಿಯ ಕೆಳಗೆ ನೀರು ನಿಂತಿದ್ದರೆ ಬಾಯಿಮುಚ್ಚಿ ಕೂರಬೇಡಿ, ವಾರ್ಡ್ ಕಚೇರಿಗೆ ದೂರು ಕೊಡಿಸಿ. ನೀರು ತುಂಬಿದ ರಸ್ತೆಯಲ್ಲಿ ನಡೆಯಬೇಕಾಗಿ ಬಂದರೆ ಇಲಿಜ್ವರ ತಡೆಯ ಮಾತ್ರೆಗಾಗಿ 72 ಗಂಟೆಯೊಳಗೆ ವೈದ್ಯರನ್ನು ಕಾಣಿ. ಎಲ್ಲರಿಗೂ ಕೊಡುವ ಡಾಕ್ಸಿಸೈಕ್ಲಿನ್ ಗರ್ಭಿಣಿಗೆ ಸಲ್ಲದು, ಬೇರೆ ಔಷಧ ಕೊಡುತ್ತಾರೆ.

ಟ್ರೈನು, ಮೆಟ್ರೊ

ಜಗತ್ತಿನ ಮೊದಲ ಮಹಿಳಾ ವಿಶೇಷ ರೈಲು ಓಡಿದ್ದು 1992ರ ಮೇ 5ರಂದು, ಚರ್ಚ್‌ಗೇಟ್ ಮತ್ತು ಬೊರಿವಲಿ ನಡುವೆ. ಇಲ್ಲಿನ ದುಡಿಯುವ ಹೆಣ್ಣುಮಕ್ಕಳ ಸಂಖ್ಯೆಯೇ ಅದನ್ನು ಸಾಧ್ಯವಾಗಿಸಿತು. ಆದರೂ ಬೆಳಗಿನ ಹೊತ್ತು ಲೇಡೀಸ್ ಡಬ್ಬಿಯ ಬಾಗಿಲಲ್ಲಿ ಹೊಟ್ಟೆ ಕಾಪಾಡಿಕೊಳ್ಳುವುದು ಸುಲಭವಲ್ಲ. ತುಂಬಿ ಬರುವ ವಿರಾರ್ ಫಾಸ್ಟ್ ಲೋಕಲ್ ಮರೆತುಬಿಡಿ. ಬೊರಿವಲಿಯಿಂದಲೇ ಹೊರಡುವ ಲೋಕಲ್‌ಗೆ ಹತ್ತು ನಿಮಿಷ ಮೊದಲು ಬಂದರೆ ಕೂರಲು ಸೀಟು ಸಿಗುವ ಸಾಧ್ಯತೆ ಹೆಚ್ಚು. ಸ್ಲೋ ಆದರೂ ಪರವಾಗಿಲ್ಲ. ದಿವ್ಯಾಂಗರ ಡಬ್ಬಿಯಲ್ಲಿ ಗರ್ಭಿಣಿಯರಿಗೂ ಅವಕಾಶವಿದೆ, ಹೊಟ್ಟೆ ಕಾಣದ ತಿಂಗಳುಗಳಲ್ಲಿ ಯಾರಾದರೂ ಪ್ರಶ್ನಿಸಿದರೆ ತೋರಿಸಲು ವೈದ್ಯರ ಪತ್ರ ಪರ್ಸಿನಲ್ಲಿರಲಿ. ವಡಾಲದ ಕಡೆ ಹೋಗುವವರು ಗೋರೆಗಾಂವ್‌ನಿಂದ ಹೊರಡುವ ಹಾರ್ಬರ್ ಲೋಕಲ್ ಹಿಡಿಯಬಹುದು, ಅಲ್ಲೂ ಮೊದಲ ಸ್ಟೇಷನ್ ಆದ್ದರಿಂದ ಕೂರಲು ಜಾಗವಿರುತ್ತದೆ.

ಶಾಲೆ ಅಂಧೇರಿಯೊಳಗೇ ಇದ್ದರೆ ಮೆಟ್ರೊ ಎಲ್ಲಕ್ಕಿಂತ ವಾಸಿ. ಬೊರಿವಲಿಯ ಪಶ್ಚಿಮದವರಿಗೆ 2ಎ ಮಾರ್ಗದ ಏಕ್ಸರ್, ಬೊರಿವಲಿ ಪಶ್ಚಿಮ, ಪೂರ್ವದವರಿಗೆ 7ನೇ ಮಾರ್ಗದ ರಾಷ್ಟ್ರೀಯ ಉದ್ಯಾನ, ಮಾಗಾಠಾಣೆ. ಲಿಫ್ಟ್ ಇದೆ, ಎಸಿ ಇದೆ, ನೂಕಾಟ ಕಡಿಮೆ. 2023ರ ಜನವರಿಯಿಂದ ಎರಡೂ ಮಾರ್ಗ ಪೂರ್ತಿ ಓಡುತ್ತಿವೆ. ಖರ್ಚು ಲೋಕಲ್ ಪಾಸಿಗಿಂತ ಬಹಳ ಹೆಚ್ಚು, ನಿಜ. ಕೊನೆಯ ನಾಲ್ಕು ತಿಂಗಳಿಗಾದರೂ ಮನೆಯ ಲೆಕ್ಕದಲ್ಲಿ ಅದನ್ನು ಸೇರಿಸಿಕೊಳ್ಳಬೇಕು.

ರಜೆಯ ಲೆಕ್ಕ

1961ರ ಮಾತೃತ್ವ ಸೌಲಭ್ಯ ಕಾಯ್ದೆಗೆ 2017ರಲ್ಲಿ ತಿದ್ದುಪಡಿ ಬಂದು ಮೊದಲ ಎರಡು ಮಕ್ಕಳಿಗೆ 26 ವಾರಗಳ ಸಂಬಳಸಹಿತ ರಜೆ ದೊರೆಯಿತು. 2020ರ ಸಾಮಾಜಿಕ ಭದ್ರತಾ ಸಂಹಿತೆಯ 6ನೇ ಅಧ್ಯಾಯದಲ್ಲೂ ಇದೇ ಹಕ್ಕುಗಳಿವೆ. 26ರಲ್ಲಿ 8 ವಾರದವರೆಗೆ ಹೆರಿಗೆಗೆ ಮೊದಲು ತೆಗೆದುಕೊಳ್ಳಬಹುದು. ಈಗಾಗಲೇ ಇಬ್ಬರು ಮಕ್ಕಳಿದ್ದರೆ 12 ವಾರ. ಹೆರಿಗೆಗೆ ಹಿಂದಿನ 12 ತಿಂಗಳಲ್ಲಿ 80 ದಿನ ಕೆಲಸ ಮಾಡಿರಬೇಕು. ಸರ್ಕಾರಿ, ಅನುದಾನಿತ ಶಾಲೆಗಳಲ್ಲಿ ಸೇವಾನಿಯಮದಂತೆ 180 ದಿನ. ಸಂಬಳದಿಂದ ಇಎಸ್‌ಐ ಕಡಿತವಾಗುತ್ತಿದ್ದರೆ ಹಣ ಬರುವುದು ಶಾಲೆಯಿಂದಲ್ಲ, ಇಎಸ್‌ಐ ನಿಗಮದಿಂದ. ಅರ್ಜಿಯೂ ಅಲ್ಲಿಗೇ.

ಲೆಕ್ಕ ವಾರಗಳದ್ದು. ದೀಪಾವಳಿ, ನಾತಾಳ ರಜೆಗಳು ನಡುವೆ ಬಂದರೆ ರಜೆ ಅಷ್ಟು ಉದ್ದವಾಗುವುದಿಲ್ಲ. ಆದ್ದರಿಂದ ಕ್ಯಾಲೆಂಡರ್ ಮುಂದಿಟ್ಟುಕೊಂಡೇ ನಿರ್ಧರಿಸಿ. ಹೆರಿಗೆ ಆಗಸ್ಟ್ 15ಕ್ಕೆ ಎಂದಿಟ್ಟುಕೊಳ್ಳಿ. ಪೂರ್ತಿ 8 ವಾರ ಮೊದಲು, ಜೂನ್ 20ರಿಂದ ರಜೆ ಹಾಕಿದರೆ 182 ದಿನ ಡಿಸೆಂಬರ್ 18ಕ್ಕೆ ಮುಗಿಯುತ್ತದೆ, ಆಗ ಕೂಸಿಗೆ ನಾಲ್ಕು ತಿಂಗಳು. ಮೈ ಸಹಕರಿಸಿ ಜುಲೈ 31ರವರೆಗೆ ಪಾಠ ಮಾಡಿದರೆ ಜನವರಿ 29ರವರೆಗೆ ಸಿಗುತ್ತದೆ, ಕೂಸಿಗೆ ಐದೂವರೆ ತಿಂಗಳು. ಎರಡನೆಯದು ಕಾಗದದ ಮೇಲೆ ಚೆಂದ, ಆದರೆ ನಾಲ್ಕನೇ ಮಹಡಿಯ ತರಗತಿ, ಜುಲೈ ಮಳೆ, ವಿರಾರ್ ಲೋಕಲ್ ಮೂರೂ ಇದ್ದರೆ ನಾನು ಮೊದಲನೆಯದನ್ನೇ ಆರಿಸಿ ಎನ್ನುತ್ತೇನೆ. ಬಸುರಿನಿಂದ ಅಥವಾ ಹೆರಿಗೆಯಿಂದ ಕಾಯಿಲೆಯಾದರೆ ಇನ್ನೊಂದು ತಿಂಗಳು ಸಂಬಳಸಹಿತ ರಜೆ ಕೇಳುವ ಹಕ್ಕೂ ಇದೆ.

ಅತಿ ಹೆಚ್ಚು ಕಷ್ಟಪಡುವವರು ಅನುದಾನರಹಿತ ಶಾಲೆಗಳ ಕಾಂಟ್ರಾಕ್ಟ್ ಶಿಕ್ಷಕಿಯರು. ಜೂನ್‌ನಿಂದ ಏಪ್ರಿಲ್‌ವರೆಗೆ ಎಂದು ಕರಾರು ಬರೆಸಿಕೊಂಡು, ಬಸುರಿ ಎಂದು ತಿಳಿದ ಮೇಲೆ "ಮುಂದಿನ ವರ್ಷ ನೋಡೋಣ" ಎನ್ನುತ್ತಾರೆ. ದೆಹಲಿಯ ವೈದ್ಯೆ ಕವಿತಾ ಯಾದವ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2023ರ ಆಗಸ್ಟ್‌ನಲ್ಲಿ ಕೊಟ್ಟ ತೀರ್ಪು ಇವರಿಗೆ ಆಸರೆ. ಅರ್ಹತೆ ಇದ್ದರೆ, ನಡುವೆ ಕರಾರಿನ ಅವಧಿ ಮುಗಿದರೂ ಪೂರ್ಣ ಮಾತೃತ್ವ ಸೌಲಭ್ಯ ಕೊಡಲೇಬೇಕು. ರಜೆಯಲ್ಲಿರುವಾಗ ಕೆಲಸದಿಂದ ತೆಗೆಯುವುದೂ ಕಾನೂನುಬಾಹಿರ. 2025ರ ಮೇ 23ರ ಇನ್ನೊಂದು ತೀರ್ಪು ಕರ್ನಾಟಕದ ಗಡಿಗೆ ತಾಗಿದ ಧರ್ಮಪುರಿ ಜಿಲ್ಲೆಯ ಸರ್ಕಾರಿ ಶಾಲಾ ಶಿಕ್ಷಕಿ ಕೆ. ಉಮಾದೇವಿ ಅವರದು. ಮೊದಲ ಮದುವೆಯಿಂದ ಇಬ್ಬರು ಮಕ್ಕಳಿದ್ದಾರೆ ಎಂದು, ಮರುಮದುವೆಯ ನಂತರದ ಹೆರಿಗೆಗೆ ರಜೆ ನಿರಾಕರಿಸಲಾಗಿತ್ತು. ಮಾತೃತ್ವ ರಜೆ ಹೆಣ್ಣಿನ ಸಂತಾನ ಹಕ್ಕಿನ ಭಾಗ ಎಂದು ನ್ಯಾಯಾಲಯ ಎತ್ತಿಹಿಡಿಯಿತು. ಇದಕ್ಕೆ ತಿರುಗುಮುರುಗಾದ ಕಥೆಯೂ ಇದೆ: ಅಮೆರಿಕದ ಕ್ಲೀವ್‌ಲ್ಯಾಂಡ್‌ನಲ್ಲಿ ಹೆರಿಗೆಗೆ ಐದು ತಿಂಗಳಿರುವಾಗಲೇ ಶಿಕ್ಷಕಿ ಮನೆಗೆ ಹೋಗಬೇಕೆಂಬ ನಿಯಮವಿತ್ತು. ಜೋ ಕ್ಯಾರಲ್ ಲಾಫ್ಲರ್ ಎಂಬ ಶಿಕ್ಷಕಿ ಹೋರಾಡಿ 1974ರಲ್ಲಿ ಅದನ್ನು ರದ್ದು ಮಾಡಿಸಿದರು. ಅಲ್ಲಿ ಬಲವಂತದ ರಜೆಯ ವಿರುದ್ಧ, ಇಲ್ಲಿ ರಜೆಗಾಗಿ, ಹೋರಾಡಿದವರು ಶಾಲೆಯ ಟೀಚರ್‌ಗಳೇ.

ಬಾಣಂತನ, ಮತ್ತೆ ಶಾಲೆ

ಚೊಚ್ಚಲ ಹೆರಿಗೆಗೆ ತವರಿಗೆ ಹೋಗುವವರು ವೈದ್ಯರನ್ನು ಕೇಳದೆ ಟಿಕೆಟ್ ಮಾಡಬೇಡಿ. ಉಡುಪಿ, ಮಂಗಳೂರಿಗೆ ಮತ್ಸ್ಯಗಂಧದಲ್ಲಿ ಹೋಗುವುದಾದರೆ ಲೋವರ್ ಬರ್ತ್ ಖಚಿತಪಡಿಸಿಕೊಳ್ಳಿ, ಕುರ್ಲಾದ ಟರ್ಮಿನಸ್‌ವರೆಗೆ ಲಗೇಜು ಹೊತ್ತು ಹೋಗುವ ಬದಲು ಟ್ಯಾಕ್ಸಿ ಮಾಡಿ. ಹಲವು ವಿಮಾನಯಾನ ಕಂಪನಿಗಳು 28 ವಾರ ದಾಟಿದ ಮೇಲೆ ವೈದ್ಯರ ಪತ್ರ ಕೇಳುತ್ತವೆ, 36ರ ನಂತರ ಸಾಮಾನ್ಯವಾಗಿ ಹತ್ತಿಸಿಕೊಳ್ಳುವುದಿಲ್ಲ. ಸ್ಕ್ಯಾನ್, ರಕ್ತಪರೀಕ್ಷೆಯ ಫೈಲು ಕೈಚೀಲದಲ್ಲೇ ಇರಲಿ. ಇಲ್ಲೇ ಹೆರುವವರಿಗೆ ಕಾಂದಿವಲಿಯ ಶತಾಬ್ದಿ ಆಸ್ಪತ್ರೆ, ಪಾಲಿಕೆಯ ಹೆರಿಗೆ ಆಸ್ಪತ್ರೆಗಳಿವೆ. ಪ್ರತಿ ತಿಂಗಳ 9ರಂದು ಸರ್ಕಾರಿ ಕೇಂದ್ರಗಳಲ್ಲಿ ಗರ್ಭಿಣಿಯರಿಗೆ ಉಚಿತ ತಪಾಸಣೆ ನಡೆಯುತ್ತದೆ. ಖಾಸಗಿ ವೈದ್ಯರ ಬಳಿ ಹೋಗುವವರೂ ಬಳಸಿಕೊಳ್ಳಬಹುದು.

ಕೆಲಸಕ್ಕೆ ಮರಳಿದ ಮೇಲೂ ಅರ್ಜಿಯ ಕೆಲಸ ಮುಗಿಯುವುದಿಲ್ಲ. ಕೂಸಿಗೆ 15 ತಿಂಗಳಾಗುವವರೆಗೆ ದಿನಕ್ಕೆ ಎರಡು ಸಲ ಹಾಲೂಡಿಸುವ ಬಿಡುವು ನಿಮ್ಮ ಹಕ್ಕು. 50 ಅಥವಾ ಹೆಚ್ಚು ನೌಕರರಿರುವ ಕಡೆ ಶಿಶುಪಾಲನಾ ಕೊಠಡಿ ಇರಬೇಕು, ದಿನಕ್ಕೆ ನಾಲ್ಕು ಸಲ ಹೋಗಿಬರಲು ಬಿಡಬೇಕು. ಮನೆ ದೂರವಿದ್ದರೆ ಆ ಎರಡು ಬಿಡುವಿನಲ್ಲಿ ಹಾಲು ಹಿಂಡಿಡಿ. ಅದಕ್ಕೆ ಬಾಗಿಲು ಹಾಕಿಕೊಳ್ಳಬಹುದಾದ ಕೋಣೆ ಬೇಕು. ಶೌಚಾಲಯದಲ್ಲಿ ಹಿಂಡುವುದು ಬೇಡವೇ ಬೇಡ, ಲೈಬ್ರರಿಯ ಒಳಕೋಣೆಯೋ ಸಿಕ್‌ರೂಮೋ ಕೇಳಿ. 25 ಡಿಗ್ರಿಯ ತಂಪಿನಲ್ಲಿ ಹಾಲು ನಾಲ್ಕು ಗಂಟೆ ಕೆಡದು, ಫ್ರಿಜ್‌ನಲ್ಲಿ ನಾಲ್ಕು ದಿನ. ಮುಂಬಯಿಯ ಸೆಕೆಗೆ ಮೊದಲ ಲೆಕ್ಕ ಹೊಂದುವುದಿಲ್ಲ, ಐಸ್‌ಪ್ಯಾಕ್ ಇರುವ ಚೀಲ ಬೇಕು. ರಜೆ ಮುಗಿಯುವ ಎರಡು ವಾರ ಮುಂಚೆಯೇ ಕೂಸಿಗೆ ಲೋಟ-ಚಮಚದಲ್ಲಿ ಹಿಂಡಿದ ಹಾಲು ಕುಡಿಯುವುದನ್ನು ಅಜ್ಜಿಯ ಕೈಯಿಂದಲೋ ಮನೆಗೆಲಸದ ಬಾಯಿಯ ಕೈಯಿಂದಲೋ ರೂಢಿ ಮಾಡಿಸಿ. ಮೊದಲ ದಿನ ಸೋಮವಾರ ಬೇಡ, ಗುರುವಾರ ಹಾಜರಾಗಿ. ಎರಡು ಮೂರು ದಿನ ದುಡಿದು ನೋಡಿದರೆ, ಭಾನುವಾರ ಕೂತು ಹಾಲಿನ ಹೊತ್ತು, ಟ್ರೈನಿನ ಹೊತ್ತು, ಪೀರಿಯಡ್ ಹೊತ್ತು ಮೂರನ್ನೂ ಹೊಂದಿಸಿಕೊಂಡು, ಬದಲಾಗಬೇಕಾದದ್ದನ್ನು ಸೋಮವಾರ ಬೆಳಿಗ್ಗೆ ಬರೆದು ಕೊಡಬಹುದು.